ನಕ್ಷತ್ರಗಳ ಬಿತ್ತನೆ ಆದದ್ದು ಯಾವಾಗ?

ನಕ್ಷತ್ರಗಳ ಹುಟ್ಟಿನ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಎದ್ದು ನಿಂತು ಒಂದು ಪ್ರಶ್ನೆ ಕೇಳುವುದುಂಟು. 'ಸರ್, ನಕ್ಷತ್ರ ಹುಟ್ಟುವುದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರೆಯೆ? ಅದಕ್ಕೆ ಲಕ್ಷಾಂತರ ವರ್ಷ ಬೇಕು ಅಂತೀರಿ. ಮನುಷ್ಯ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿ ನಾನೂರು ವರ್ಷ ದಾಟಿದೆ, ಅಷ್ಟೆ. ಹಾಗಾದರೆ ಪುಸ್ತಕದಲ್ಲಿ ಬರೆದವರಿಗೆ ಇದು ಹೇಗೆ ಗೊತ್ತಾಯಿತು?'

ಇದು ಉದ್ಧಟತನದ ಪ್ರಶ್ನೆಯಲ್ಲ. ವಿಜ್ಞಾನದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. 'ಪುಸ್ತಕದಲ್ಲಿದೆ, ಬರೆದುಕೊ' ಎಂದು ಸುಮ್ಮನಾಗಿಸಿದರೆ ಆ ಮಗು ಮುಂದೆ ವಿಜ್ಞಾನವನ್ನೂ ಪುರಾಣದಂತೆ ಬಾಯಿಪಾಠ ಮಾಡುತ್ತದೆ. ಆದ್ದರಿಂದ ಈ ವಾರ ಅದಕ್ಕೆ ಸರಿಯಾದ ಉತ್ತರವನ್ನೇ ಹುಡುಕೋಣ. ಉತ್ತರದ ಒಂದು ಭಾಗ ನಮ್ಮ ಹೊಲಗಳಲ್ಲಿದೆ. ಇನ್ನೊಂದು ಭಾಗ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಸಿದ್ಧವಾದ ಒಂದು ದೂರದರ್ಶಕದಲ್ಲಿದೆ. ಮೂರನೆಯದು ಸುಮಾರು 30 ಲಕ್ಷ ಜ್ಯೋತಿರ್ವರ್ಷ ದೂರದ ಒಂದು ಪುಟ್ಟ ಗೆಲಾಕ್ಸಿಯಲ್ಲಿದೆ.

ಬಸ್ಸಿನ ಕಿಟಕಿಯಿಂದ

ಮೊದಲು ಹೊಲಕ್ಕೆ ಬನ್ನಿ. ಆಗಸ್ಟ್ ತಿಂಗಳಲ್ಲಿ ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಭೀಮೆಯ ಬಯಲು ಹಿಡಿದು ಜೇವರ್ಗಿಗೆ ಬಸ್ಸಿನಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಕಿಟಕಿಯಾಚೆ ತೊಗರಿ ಹೊಲಗಳು. ಒಂದು ಕಡೆ ಗೇಣುದ್ದದ ಸಸಿ, ಇನ್ನೊಂದು ಕಡೆ ಮೊಣಕಾಲೆತ್ತರ, ಮತ್ತೊಂದು ಕಡೆ ಸೊಂಟದ ತನಕ ಬೆಳೆದು ನಿಂತ ಗಿಡ. ನೀವು ಒಂದು ಗಿಡವೂ ಬೆಳೆಯುವುದನ್ನು ನೋಡಿಲ್ಲ. ಬಸ್ಸು ಎಲ್ಲಿಯೂ ತಿಂಗಳುಗಟ್ಟಲೆ ನಿಂತಿಲ್ಲ. ಆದರೂ ಪಕ್ಕದಲ್ಲಿ ಕುಳಿತ ರೈತ, 'ಇದು ಮಿರಗದಾಗ ಬಿತ್ತಿದ್ದು, ಅದು ಮಳಿ ತಡಾ ಆಗಿ ಆಮ್ಯಾಲ ಬಿತ್ತಿದ್ದು' ಎಂದು ಬೆರಳು ಮಾಡಿ ಹೇಳುತ್ತಾನೆ. ಹೆಚ್ಚಾಗಿ ಅವನ ಮಾತು ತಪ್ಪುವುದಿಲ್ಲ. ಬೇರೆ ಬೇರೆ ಹಂತದಲ್ಲಿರುವ ಅನೇಕ ಹೊಲಗಳನ್ನು ಒಂದೇ ದಿನ ನೋಡಿದರೆ ಒಂದು ಬೆಳೆಯ ಪೂರ್ತಿ ಜೀವನ ತಿಳಿಯುತ್ತದೆ.

ನಮ್ಮ ಕಡೆಯ ಹೊಲದಲ್ಲಿ ಇನ್ನೊಂದು ಗುರುತೂ ಇದೆ. ತೊಗರಿಯ ಸಾಲುಗಳ ನಡುವೆ ಹೆಸರು ಬಿತ್ತುವುದುಂಟಷ್ಟೆ. ಎರಡನ್ನೂ ಒಂದೇ ದಿನ ಬಿತ್ತಿದರೂ ಹೆಸರು ಎರಡು ಎರಡೂವರೆ ತಿಂಗಳಲ್ಲಿ ಕಾಯಿ ಬಿಟ್ಟು ಮುಗಿಯುತ್ತದೆ. ತೊಗರಿ ಡಿಸೆಂಬರ್, ಜನವರಿಯ ತನಕ ನಿಂತಿರುತ್ತದೆ. ಆದ್ದರಿಂದ ಸಾಲುಗಳ ನಡುವೆ ಹೆಸರು ಇನ್ನೂ ಹಸಿರಾಗಿದ್ದರೆ ಬಿತ್ತನೆಯಾಗಿ ಹೆಚ್ಚು ದಿನ ಆಗಿಲ್ಲ. ಹೆಸರು ಹೋಗಿ ತೊಗರಿ ಮಾತ್ರ ಉಳಿದಿದ್ದರೆ ಬಿತ್ತನೆ ಹಳೆಯದು. ಅಲ್ಪಾಯುಷಿ ಬೆಳೆ ಇದೆಯೋ ಇಲ್ಲವೋ ಎಂಬುದೇ ಇಲ್ಲಿ ಗಡಿಯಾರ.

ಖಗೋಳ ವಿಜ್ಞಾನಿಗಳು ಮಾಡುವುದೂ ಇದನ್ನೇ. ಅವರ ಹೊಲದ ಹೆಸರು ತಾರಾಗುಚ್ಛ.

ಒಂದೇ ದಿನದ ಬಿತ್ತನೆ

ಎರಡು ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿಯಲ್ಲ. ಅಲ್ಲಲ್ಲಿ ಜಲಜನಕ ಅನಿಲ ಮತ್ತು ಸೂಕ್ಷ್ಮ ಧೂಳಿನ ತಣ್ಣನೆಯ ಮೋಡಗಳಿವೆ. ಮೋಡದ ಒಂದು ಭಾಗ ತನ್ನ ಭಾರಕ್ಕೆ ತಾನೇ ಕುಸಿಯತೊಡಗಿದಾಗ ಅದು ತುಂಡು ತುಂಡಾಗಿ ಒಡೆದು, ಒಂದೊಂದು ತುಂಡೂ ಒಂದೊಂದು ನಕ್ಷತ್ರವಾಗುತ್ತದೆ. ಹೀಗಾಗಿ ನಕ್ಷತ್ರಗಳು ಸಾಮಾನ್ಯವಾಗಿ ಒಂಟಿಯಾಗಿ ಹುಟ್ಟದೆ ಗುಂಪಾಗಿ ಹುಟ್ಟುತ್ತವೆ. ಒಂದು ಗುಚ್ಛದ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಓರಗೆಯವು, ಒಂದೇ ದಿನ ಬಿತ್ತಿದ ಹೊಲದ ಪೈರಿನಂತೆ.

ಆದರೆ ಅವುಗಳ ತೂಕ ಒಂದೇ ಅಲ್ಲ, ಆಯುಸ್ಸೂ ಒಂದೇ ಅಲ್ಲ. ದೊಡ್ಡ ನಕ್ಷತ್ರದಲ್ಲಿ ಇಂಧನ ಹೆಚ್ಚು, ನಿಜ. ಆದರೆ ಅದು ದುಂದುಗಾರ. ಸೂರ್ಯನ ಒಟ್ಟು ಆಯುಸ್ಸು ಸುಮಾರು ಸಾವಿರ ಕೋಟಿ ವರ್ಷ. ಸೂರ್ಯನ ಹತ್ತು ಪಟ್ಟು ತೂಕದ ನಕ್ಷತ್ರ ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚು ಬೆಳಕು ಚೆಲ್ಲಿ ಎರಡು ಮೂರು ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತದೆ. ಇನ್ನೂ ಭಾರಿ ನಕ್ಷತ್ರಗಳು ಒಂದು ಕೋಟಿ ವರ್ಷವನ್ನೂ ಕಾಣುವುದಿಲ್ಲ. ದುಂದು ಮಾಡುವ ಮನೆ ಬೇಗ ಬರಿದಾದಂತೆ. ನಮ್ಮ ಹೊಲದ ಲೆಕ್ಕದಲ್ಲಿ ಈ ಭಾರಿ ನಕ್ಷತ್ರಗಳೇ ಹೆಸರು, ಸೂರ್ಯನಂಥವು ತೊಗರಿ. ಭಾರಿ ನಕ್ಷತ್ರಗಳು ಇನ್ನೂ ಉರಿಯುತ್ತಿರುವ ಗುಚ್ಛವೆಂದರೆ ಇತ್ತೀಚಿನ ಬಿತ್ತನೆ.

ದೂರದಿಂದ ಭಾರಿ ನಕ್ಷತ್ರವನ್ನು ಗುರುತಿಸುವುದು ಹೇಗೆ? ಬಣ್ಣದಿಂದ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಶಾಖ ಏರಿದಂತೆ ಹಳದಿಯಾಗಿ, ಕೊನೆಗೆ ಬೆಳ್ಳಗೆ ಹೊಳೆಯುವುದನ್ನು ನೀವು ನೋಡಿರಬಹುದು. ಬಿಸಿ ಹೆಚ್ಚಿದಷ್ಟೂ ಬೆಳಕಿನ ತರಂಗಾಂತರ ಕಿರಿದಾಗುತ್ತದೆ. ಇದಕ್ಕೆ ವೀನ್ ನಿಯಮ ಎಂದು ಹೆಸರು. ಲೆಕ್ಕ ಸುಲಭ. 29 ಲಕ್ಷವನ್ನು ಕೆಲ್ವಿನ್‌ನಲ್ಲಿರುವ ಉಷ್ಣತೆಯಿಂದ ಭಾಗಿಸಿ. ಬಂದ ಉತ್ತರವೇ ಆ ವಸ್ತು ಅತಿ ಹೆಚ್ಚು ಬೆಳಕು ಬೀರುವ ತರಂಗಾಂತರ, ನ್ಯಾನೋಮೀಟರ್‌ಗಳಲ್ಲಿ.

ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,800 ಕೆಲ್ವಿನ್. ಭಾಗಿಸಿದರೆ 500 ನ್ಯಾನೋಮೀಟರ್. ನಮ್ಮ ಕಣ್ಣು ನೋಡುವ 400ರಿಂದ 700 ನ್ಯಾನೋಮೀಟರ್‌ಗಳ ಒಳಗೇ ಇದು ಬಂತು. ಈಗ 17,500 ಕೆಲ್ವಿನ್‌ನ ಭಾರಿ ನಕ್ಷತ್ರವೊಂದನ್ನು ತೆಗೆದುಕೊಳ್ಳಿ. ಉತ್ತರ ಸುಮಾರು 166 ನ್ಯಾನೋಮೀಟರ್. ಇದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ಅಂದರೆ ಎಳೆಯ ತಾರಾಗುಚ್ಛಗಳನ್ನು ಹುಡುಕಬೇಕಾದರೆ ಅತಿನೇರಳೆಯಲ್ಲಿ ನೋಡಬೇಕು. ಅಲ್ಲಿ ಸೂರ್ಯನಂಥ ಮುದಿ, ತಂಪು ನಕ್ಷತ್ರಗಳ ಗದ್ದಲ ಅಡಗಿ, ಹೊಸ ಬಿತ್ತನೆ ಮಾತ್ರ ಎದ್ದು ಕಾಣುತ್ತದೆ.

ಹೊಸಕೋಟೆಯ ಕಣ್ಣು

ಇಲ್ಲೊಂದು ತೊಡಕು ಬರುತ್ತದೆ. ಅತಿನೇರಳೆ ಕಿರಣಗಳನ್ನು ಭೂಮಿಯ ವಾತಾವರಣ, ಅದರಲ್ಲೂ ಓಜೋನ್ ಪದರ, ತಡೆದುಬಿಡುತ್ತದೆ. ಅದು ತಡೆಯುವುದರಿಂದಲೇ ನಾವೂ ನಮ್ಮ ಬೆಳೆಗಳೂ ಬದುಕಿದ್ದೇವೆ. ಆದರೆ ಖಗೋಳ ವಿಜ್ಞಾನಿಗೆ ಅದೊಂದು ಪರದೆ. ನೆಲದ ಮೇಲೆ ಎಷ್ಟು ದೊಡ್ಡ ದೂರದರ್ಶಕ ನಿಲ್ಲಿಸಿದರೂ ಆ ಬೆಳಕು ತಲುಪುವುದಿಲ್ಲ. ದೂರದರ್ಶಕವನ್ನೇ ಪರದೆಯಾಚೆ ಒಯ್ಯಬೇಕು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಪಿ.ಎಸ್.ಎಲ್.ವಿ. ರಾಕೆಟ್ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹವನ್ನು ಸುಮಾರು 650 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಖಗೋಳ ವೀಕ್ಷಣೆಗೆಂದೇ ಭಾರತ ಕಳಿಸಿದ ಮೊದಲ ಪೂರ್ಣ ಪ್ರಮಾಣದ ವೀಕ್ಷಣಾಲಯವಿದು. ಅದರಲ್ಲಿರುವ ಉಪಕರಣಗಳಲ್ಲಿ ಒಂದರ ಹೆಸರು ಯುವಿಟ್, ಅಂದರೆ ಅತಿನೇರಳೆ ಚಿತ್ರ ತೆಗೆಯುವ ದೂರದರ್ಶಕ. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಇದರ ಮುಂದಾಳು. ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ಕೇಂದ್ರ, ಇಸ್ರೋ ಮತ್ತು ಕೆನಡಾದ ಬಾಹ್ಯಾಕಾಶ ಸಂಸ್ಥೆ ಜೊತೆಗೂಡಿದವು. ಬಿಡಿಭಾಗಗಳನ್ನು ಜೋಡಿಸಿ ಪರೀಕ್ಷಿಸಿದ್ದು ಹೊಸಕೋಟೆಯಲ್ಲಿರುವ ಬೆಂಗಳೂರು ಸಂಸ್ಥೆಯದೇ ಪ್ರಯೋಗಾಲಯದಲ್ಲಿ.

ಉಪಕರಣ ನೋಡಲು ಭಾರಿಯೇನಲ್ಲ. 375 ಮಿಲಿಮೀಟರ್ ಅಗಲದ ಕನ್ನಡಿಯುಳ್ಳ ಎರಡು ಅವಳಿ ದೂರದರ್ಶಕಗಳು. ಕನ್ನಡಿಯ ಅಗಲ ಹೆಚ್ಚುಕಡಿಮೆ ನಮ್ಮ ಮನೆಯ ಊಟದ ಗಂಗಾಳದಷ್ಟು. ಒಂದು 130ರಿಂದ 180 ನ್ಯಾನೋಮೀಟರ್‌ಗಳ ದೂರದ ಅತಿನೇರಳೆಯನ್ನು ನೋಡುತ್ತದೆ. ಇನ್ನೊಂದನ್ನು 200ರಿಂದ 300ರವರೆಗಿನ ಸಮೀಪದ ಅತಿನೇರಳೆಗೂ ಕಣ್ಣಿಗೆ ಕಾಣುವ ಬೆಳಕಿಗೂ ಮಾಡಿದ್ದು. ನೀವು ಈಗಷ್ಟೇ ಹಾಕಿದ 166ರ ಉತ್ತರ ಮೊದಲನೆಯದರ ನಡುವಿಗೇ ಬೀಳುತ್ತದೆ, ಗಮನಿಸಿ.

ಇಂಥ ಕನ್ನಡಿಯ ಮೇಲೆ ಎಣ್ಣೆಯ ಆವಿಯ ತೆಳುವಾದ ಲೇಪ ಕೂತರೂ ಅತಿನೇರಳೆ ಬೆಳಕು ಹೀರಿಹೋಗುತ್ತದೆ. ಅದಕ್ಕೇ ಧೂಳಿಲ್ಲದ ವಿಶೇಷ ಕೋಣೆಯಲ್ಲಿ ಅದನ್ನು ಜೋಡಿಸಿದರು. ಕಕ್ಷೆ ಸೇರಿದ ಮೇಲೂ ಎರಡು ತಿಂಗಳು ಬಾಗಿಲು ಮುಚ್ಚಿಯೇ ಇಟ್ಟು, ಉಪಗ್ರಹದಿಂದ ಹೊರಡುವ ಆವಿಯೆಲ್ಲ ಚದುರಿದ ಬಳಿಕ ನವೆಂಬರ್ 30ರಂದು ತೆರೆದರು. ಮೊದಲು ನೋಡಿದ್ದು ಧ್ರುವ ನಕ್ಷತ್ರದ ದಿಕ್ಕಿನಲ್ಲಿರುವ ಎನ್.ಜಿ.ಸಿ. 188 ಎಂಬ ಹಳೆಯ ತಾರಾಗುಚ್ಛವನ್ನು.

ಯುವಿಟ್‌ನ ಹೆಚ್ಚುಗಾರಿಕೆ ಅದರ ದೃಷ್ಟಿಯ ಹರಿತ. ಅದು ಸುಮಾರು ಒಂದೂವರೆ ವಿಕಲೆ ಕೋನದಷ್ಟು ಸಣ್ಣ ವಿವರವನ್ನು ಬಿಡಿಸಿ ತೋರಿಸುತ್ತದೆ. ಡಿಗ್ರಿಯ 3,600ನೆಯ ಒಂದು ಭಾಗ ಒಂದು ವಿಕಲೆ. ಮೂರು ಕಿಲೋಮೀಟರ್ ದೂರದಲ್ಲಿಟ್ಟ ಒಂದು ರೂಪಾಯಿ ನಾಣ್ಯ ಕಾಣುವುದು ಇಷ್ಟೇ ಗಾತ್ರದಲ್ಲಿ. 2003ರಲ್ಲಿ ಅಮೆರಿಕ ಹಾರಿಸಿದ್ದ ಗ್ಯಾಲೆಕ್ಸ್ ಎಂಬ ಅತಿನೇರಳೆ ದೂರದರ್ಶಕ ಆಕಾಶದ ಬಹುಭಾಗವನ್ನು ನೋಡಿ ಮುಗಿಸಿತ್ತು. ಆದರೆ ಅದರ ಹರಿತ ಸುಮಾರು ಐದು ವಿಕಲೆ. ಈ ವ್ಯತ್ಯಾಸ ಯಾಕೆ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ಪುಟ್ಟ ಗೆಲಾಕ್ಸಿಯೇ ಯಾಕೆ?

ಹೊಸ ನಕ್ಷತ್ರಗಳು ನಮ್ಮ ಆಕಾಶಗಂಗೆಯಲ್ಲೂ ಹುಟ್ಟುತ್ತಿವೆ. ಹಾಗಿದ್ದ ಮೇಲೆ ದೂರದ ಗೆಲಾಕ್ಸಿ ಯಾಕೆ ಬೇಕು? ಮೊದಲ ಕಾರಣ, ನಾವು ಆಕಾಶಗಂಗೆಯ ಒಳಗೇ ಕುಳಿತಿದ್ದೇವೆ. ಕಬ್ಬಿನ ಗದ್ದೆಯ ನಡುವೆ ನಿಂತವನಿಗೆ ಗದ್ದೆಯ ಆಕಾರ ಕಾಣುವುದಿಲ್ಲ. ಆಳದ ಧೂಳು ಅತಿನೇರಳೆ ಬೆಳಕನ್ನು ನುಂಗಿಬಿಡುತ್ತದೆ. ಹೊರಗಿನ ಗೆಲಾಕ್ಸಿಯಾದರೆ ಬದುವಿನ ಮೇಲೆ ನಿಂತು ಇಡೀ ಹೊಲವನ್ನು ಒಮ್ಮೆಗೇ ನೋಡಿದಂತೆ.

ಎರಡನೆಯ ಕಾರಣ, ಕುಬ್ಜ ಗೆಲಾಕ್ಸಿಗಳು ಸರಳ. ಆಕಾಶಗಂಗೆಯಂಥ ದೊಡ್ಡ ಗೆಲಾಕ್ಸಿಗಳಲ್ಲಿ ಸುರುಳಿಯಾಕಾರದ ತೋಳುಗಳು ಅನಿಲವನ್ನು ಒತ್ತಿ ಒತ್ತಿ ನಕ್ಷತ್ರ ಹುಟ್ಟಿಸುತ್ತವೆ. ಕುಬ್ಜಗಳಲ್ಲಿ ಅಂಥ ತೋಳುಗಳಿಲ್ಲ. ಆದರೂ ನಕ್ಷತ್ರಗಳು ಹುಟ್ಟುತ್ತವೆ. ಹೇಗೆ ಎಂಬುದು ಕುತೂಹಲದ ಪ್ರಶ್ನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವಿಶ್ವದ ಆರಂಭದಲ್ಲಿ ಇದ್ದದ್ದು ಹೆಚ್ಚುಕಡಿಮೆ ಜಲಜನಕ ಮತ್ತು ಹೀಲಿಯಂ ಮಾತ್ರ. ಇಂಗಾಲ, ಆಮ್ಲಜನಕ, ಕಬ್ಬಿಣ ಮುಂತಾದ ಭಾರ ಧಾತುಗಳೆಲ್ಲ ಆಮೇಲೆ ನಕ್ಷತ್ರಗಳ ಒಲೆಯಲ್ಲಿ ಬೆಂದು ಬಂದವು. ಅನೇಕ ಕುಬ್ಜ ಗೆಲಾಕ್ಸಿಗಳಲ್ಲಿ ಈ ಧಾತುಗಳು ಇಂದಿಗೂ ಬಹಳ ಕಡಿಮೆ. ಗೊಬ್ಬರ ಕಾಣದ ಹೊಲದಂತೆ. ಹೀಗಾಗಿ ಅಲ್ಲಿ ನಕ್ಷತ್ರ ಹೇಗೆ ಹುಟ್ಟುತ್ತದೆಂದು ತಿಳಿದರೆ, ಬಹು ಹಿಂದೆ, ವಿಶ್ವ ಎಳೆಯದಾಗಿದ್ದಾಗ ಏನು ನಡೆಯಿತೆಂಬುದರ ಸುಳಿವು ಸಿಗುತ್ತದೆ.

ತಿಮಿಂಗಿಲದ ಹೊಟ್ಟೆಯಲ್ಲಿ

ತಿಮಿಂಗಿಲ ಎಂಬ ನಕ್ಷತ್ರಪುಂಜದ ದಿಕ್ಕಿನಲ್ಲಿ ಡಬ್ಲ್ಯು.ಎಲ್.ಎಂ. ಎಂಬ ಕುಬ್ಜ ಗೆಲಾಕ್ಸಿ ಇದೆ. 1909ರಲ್ಲಿ ಅದನ್ನು ಮೊದಲು ಕಂಡ ಮ್ಯಾಕ್ಸ್ ವುಲ್ಫ್, 1926ರಲ್ಲಿ ಅದರ ಸ್ವರೂಪ ಗುರುತಿಸಿದ ಲುಂಡ್‌ಮಾರ್ಕ್ ಮತ್ತು ಮೆಲೋಟ್, ಈ ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ದೂರ ಸುಮಾರು 30 ಲಕ್ಷ ಜ್ಯೋತಿರ್ವರ್ಷ. ನಕ್ಷತ್ರಗಳ ಒಟ್ಟು ತೂಕ ಸುಮಾರು 4 ಕೋಟಿ ಸೂರ್ಯರಷ್ಟು. ಆಮ್ಲಜನಕದ ಅಂಶ ಸೂರ್ಯನಲ್ಲಿರುವುದರ ಸುಮಾರು ಎಂಟನೆಯ ಒಂದು ಪಾಲು. ಅಕ್ಕಪಕ್ಕದಲ್ಲಿ ಎಳೆದಾಡುವ ದೊಡ್ಡ ನೆರೆಯವರೂ ಇಲ್ಲ. ಊರ ಹೊರಗಿನ ಒಂಟಿ ಹೊಲ ಇದ್ದಂತೆ. ಅಲ್ಲಿ ಏನು ಬೆಳೆದರೂ ಅದು ಅದರದೇ ಬೆಳೆ.

ಬೆಂಗಳೂರು ಸಂಸ್ಥೆಯ ಚಯನ್ ಮೊಂಡಲ್, ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಕೋಶಿ ಜಾರ್ಜ್ ಅವರು ಯುವಿಟ್ ಕಣ್ಣಿನಿಂದ ಈ ಗೆಲಾಕ್ಸಿಯನ್ನು ನೋಡಿ 2018ರಲ್ಲಿ ವರದಿ ಪ್ರಕಟಿಸಿದರು. ದೂರದ ಮತ್ತು ಸಮೀಪದ ಅತಿನೇರಳೆ ಚಿತ್ರಗಳನ್ನು ಹೋಲಿಸಿ ಎಲ್ಲೆಲ್ಲಿ ಎಷ್ಟು ಬಿಸಿ ಇದೆ ಎಂಬ ನಕ್ಷೆ ತಯಾರಿಸಿದರು. ನಾವು ಕೈಯಿಂದ ಮಾಡಿದ ವೀನ್ ಲೆಕ್ಕದ ದೊಡ್ಡಣ್ಣ ಅದು. 17,500 ಕೆಲ್ವಿನ್‌ಗಿಂತ ಬಿಸಿಯಾದ ಅನೇಕ ತಾಣಗಳು ಸಿಕ್ಕವು. ದೊಡ್ಡವು 160 ಜ್ಯೋತಿರ್ವರ್ಷ ಅಗಲದವರೆಗೆ ಇದ್ದವು. ಆದರೆ ಬಹಳಷ್ಟು 33 ಜ್ಯೋತಿರ್ವರ್ಷಕ್ಕಿಂತ ಚಿಕ್ಕವು. ದೊಡ್ಡ ಗುಂಪನ್ನು ಬಿಡಿಸಿ ನೋಡಿದರೆ ಒಳಗೆ ಸಣ್ಣ ಗುಂಪುಗಳು, ಓಣಿಯೊಳಗೆ ಮನೆಗಳಿದ್ದಂತೆ.

ಈಗ ದೃಷ್ಟಿಯ ಹರಿತದ ಮಾತಿಗೆ ಬನ್ನಿ. 30 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಐದು ವಿಕಲೆ ಎಂದರೆ ಸುಮಾರು 73 ಜ್ಯೋತಿರ್ವರ್ಷ. ಒಂದೂವರೆ ವಿಕಲೆ ಎಂದರೆ ಸುಮಾರು 22. ಹಳೆಯ ದೂರದರ್ಶಕಕ್ಕೆ ಓಣಿ ಕಾಣುತ್ತಿತ್ತು, ಮನೆಗಳು ಕಾಣುತ್ತಿರಲಿಲ್ಲ. ಯುವಿಟ್‌ಗೆ ಮನೆಗಳು ಕಂಡವು.

ಇದಕ್ಕೆ ಇನ್ನೊಂದು ಸಾಕ್ಷಿಯೂ ಹೊಂದಿಕೊಂಡಿತು. ಚಿಲಿ ದೇಶದಲ್ಲಿರುವ ಆಲ್ಮಾ ಎಂಬ ರೇಡಿಯೋ ದೂರದರ್ಶಕಗಳ ಸಾಲು 2015ರಲ್ಲಿ ಇದೇ ಗೆಲಾಕ್ಸಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುವ 10 ತಣ್ಣನೆಯ ಮೋಡಗಳನ್ನು ಪತ್ತೆ ಮಾಡಿತ್ತು. ಅವುಗಳ ಸರಾಸರಿ ತ್ರಿಜ್ಯ ಆರೂವರೆ ಜ್ಯೋತಿರ್ವರ್ಷ ಮಾತ್ರ. ಭಾರ ಧಾತು ಕಡಿಮೆ ಇದ್ದಲ್ಲಿ ರಕ್ಷಣೆ ಕೊಡುವ ಧೂಳೂ ಕಡಿಮೆ. ಆದ್ದರಿಂದ ದಟ್ಟವಾದ ಪುಟ್ಟ ತಿರುಳಿನಲ್ಲಿ ಮಾತ್ರ ಆ ಅಣುಗಳು ಉಳಿದುಕೊಳ್ಳುತ್ತವೆ. ಪುಟ್ಟ ಮೋಡ, ಪುಟ್ಟ ಗುಚ್ಛ. ಬೀಜಕ್ಕೆ ತಕ್ಕ ಬೆಳೆ.

ಈ ಗೆಲಾಕ್ಸಿಯಲ್ಲಿ ನಕ್ಷತ್ರ ಹುಟ್ಟುವ ವೇಗ ವರ್ಷಕ್ಕೆ ಸೂರ್ಯನ ತೂಕದ 0.008ರಷ್ಟು ಎಂದು ಅವರು ಲೆಕ್ಕ ಹಾಕಿದರು. ಒಂದನ್ನು 0.008ರಿಂದ ಭಾಗಿಸಿ. 125 ವರ್ಷಕ್ಕೆ ಒಂದು ಸೂರ್ಯನಷ್ಟು ದ್ರವ್ಯ ನಕ್ಷತ್ರವಾಗುತ್ತದೆ. ಆಕಾಶಗಂಗೆಯಲ್ಲಿ ವರ್ಷಕ್ಕೆ ಸುಮಾರು ಎರಡು ಸೂರ್ಯರಷ್ಟು. ಹಾಗಾದರೆ ಕುಬ್ಜ ಸೋಮಾರಿಯೆ? ಅವಸರ ಬೇಡ. ಆಕಾಶಗಂಗೆಯಲ್ಲಿ ಈಗಾಗಲೇ ಇರುವ ನಕ್ಷತ್ರಗಳ ತೂಕ ಐದಾರು ಸಾವಿರ ಕೋಟಿ ಸೂರ್ಯರಷ್ಟು. ಗಾತ್ರಕ್ಕೆ ತಕ್ಕಂತೆ ಹೋಲಿಸಿದರೆ ಡಬ್ಲ್ಯು.ಎಲ್.ಎಂ. ಆಕಾಶಗಂಗೆಗಿಂತ ಐದಾರು ಪಟ್ಟು ಚುರುಕಾಗಿದೆ. ಎಕರೆವಾರು ಇಳುವರಿ ನೋಡದೆ ದೊಡ್ಡ ಹೊಲವನ್ನೇ ಹೊಗಳಬಾರದು.

ಎರಡು ಗಡಿಯಾರ

ಎಳೆಯ ಗುಚ್ಛಗಳಲ್ಲೂ ಯಾವುದು ನಿನ್ನೆಯದು, ಯಾವುದು ಮೊನ್ನೆಯದು? ಇದಕ್ಕೆ ವಿಜ್ಞಾನಿಗಳು ಎರಡು ಗಡಿಯಾರಗಳನ್ನು ಒಟ್ಟಿಗೆ ನೋಡುತ್ತಾರೆ. ಅತ್ಯಂತ ಬಿಸಿ ನಕ್ಷತ್ರಗಳು ಸುತ್ತಲಿನ ಜಲಜನಕವನ್ನು ಕೆರಳಿಸಿ ಒಂದು ನಿರ್ದಿಷ್ಟ ಕೆಂಪು ಬೆಳಕನ್ನು ಹೊರಡಿಸುತ್ತವೆ. ಅದಕ್ಕೆ ಎಚ್-ಆಲ್ಫಾ ಎಂದು ಹೆಸರು. ಒಂದು ಕೋಟಿ ವರ್ಷದೊಳಗೆ ಆ ನಕ್ಷತ್ರಗಳು ಸತ್ತು ಈ ಕೆಂಪು ಆರಿಹೋಗುತ್ತದೆ. ಸ್ವಲ್ಪ ಕಡಿಮೆ ತೂಕದವು ಅತಿನೇರಳೆಯನ್ನು ಹತ್ತು ಕೋಟಿ ವರ್ಷದ ಸುಮಾರಿನವರೆಗೂ ಬೀರುತ್ತಿರುತ್ತವೆ. ಆದ್ದರಿಂದ ಅತಿನೇರಳೆ ಮತ್ತು ಕೆಂಪು ಎರಡೂ ಇದ್ದರೆ ಬಿತ್ತನೆ ಹೊಚ್ಚಹೊಸದು. ಅತಿನೇರಳೆ ಇದ್ದು ಕೆಂಪು ಇಲ್ಲದಿದ್ದರೆ ತುಸು ಹಿಂದಿನದು. ಡಬ್ಲ್ಯು.ಎಲ್.ಎಂ.ನ ನೈಋತ್ಯ ಭಾಗದಲ್ಲಿ ಎರಡೂ ಜೋರಾಗಿದ್ದವು, ತಣ್ಣನೆಯ ಜಲಜನಕ ಮಾತ್ರ ತೆಳುವಾಗಿತ್ತು. ಕಣಜದ ಬೀಜ ಖರ್ಚಾಗಿ ಹೊಲ ಹಸಿರಾದ ಹಾಗೆ, ಅಲ್ಲಿ ಇತ್ತೀಚೆಗೆ ಭರದ ಬಿತ್ತನೆ ನಡೆದಿದೆ.

ನಂಬಿದ ಮಾತನ್ನು ಪರೀಕ್ಷೆಗೆ ಹಚ್ಚಲೂ ಇದೇ ವಿಧಾನ ಸಹಾಯಕ್ಕೆ ಬಂತು. ಭಾರಿ ನಕ್ಷತ್ರಗಳು ಸ್ಫೋಟಿಸಿದಾಗ ಸುತ್ತಲಿನ ಅನಿಲವನ್ನು ತಳ್ಳಿ ದೊಡ್ಡ ಟೊಳ್ಳುಗಳನ್ನು ಮಾಡುತ್ತವೆ. ಟೊಳ್ಳಿನ ಅಂಚಿನಲ್ಲಿ ಅನಿಲ ಒತ್ತೊತ್ತಾಗಿ ಹೊಸ ನಕ್ಷತ್ರಗಳು ಹುಟ್ಟುತ್ತವೆ ಎಂಬ ವಾದ ಬಹಳ ದಿನದ್ದು. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಒಂದು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ ಇರುವ ಐ.ಸಿ. 2574 ಎಂಬ ಕುಬ್ಜ ಗೆಲಾಕ್ಸಿಯಲ್ಲಿ ಅಂಥ 48 ಟೊಳ್ಳುಗಳು ಪಟ್ಟಿಯಾಗಿದ್ದವು. ಯುವಿಟ್ ಅಲ್ಲಿ 419 ಎಳೆಯ ತಾಣಗಳನ್ನು ಗುರುತಿಸಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೂರಕ್ಕೆ ಸುಮಾರು 28 ತಾಣಗಳು ಟೊಳ್ಳುಗಳ ಅಂಚಿನಲ್ಲಿದ್ದವು, ಸುಮಾರು 60 ಅವುಗಳಿಂದ ದೂರದಲ್ಲಿದ್ದವು. ಅಂದರೆ ವಾದ ಪೂರ್ತಿ ಸುಳ್ಳಲ್ಲ. ಅಂಚಿನಲ್ಲಿ ಹುಟ್ಟು ನಡೆಯುತ್ತದೆ. ಆದರೆ ಅದೇ ಮುಖ್ಯ ಕಾರಣವಲ್ಲ. ಎಣಿಸಿ ನೋಡಿದ ಮೇಲೆಯೇ ಈ ಮಾತು ಹೇಳಲು ಬಂದದ್ದು.

ನಮ್ಮ ಮಾಳಿಗೆಯ ಮೇಲಿಂದ

ಇದೆಲ್ಲ ಉಪಗ್ರಹ ಇದ್ದವರ ಮಾತಾಯಿತು, ನಮಗೇನು ಕಾಣುತ್ತದೆ ಎನ್ನುವಿರಾ? ಡಬ್ಲ್ಯು.ಎಲ್.ಎಂ. ಬರಿಗಣ್ಣಿಗೆ ಕಾಣುವುದಿಲ್ಲ. ನವೆಂಬರ್ ಮಧ್ಯದಲ್ಲಿ ರಾತ್ರಿ 9ರ ಸುಮಾರಿಗೆ ಅದು ನಮ್ಮ ದಕ್ಷಿಣ ದಿಗಂತದಿಂದ 57 ಡಿಗ್ರಿ ಮೇಲೆ ಹಾದುಹೋಗುತ್ತದೆ, ಅಷ್ಟೆ. ಬರಿಗಣ್ಣಿಗೆ ಕಾಣುವ ಹತ್ತಿರದ ಪುಟ್ಟ ಗೆಲಾಕ್ಸಿಗಳೆಂದರೆ ದಕ್ಷಿಣಾಕಾಶದ ಎರಡು ಮೆಗಲಾನಿಕ್ ಮೋಡಗಳು. ದೊಡ್ಡದು ಜೇವರ್ಗಿಯಲ್ಲಿ ದಿಗಂತದಿಂದ ಮೂರು ಡಿಗ್ರಿಗಿಂತ ಸ್ವಲ್ಪ ಮಾತ್ರ ಮೇಲೇರುತ್ತದೆ, ಧೂಳು ಮಂಜಿನಲ್ಲಿ ಅದು ಕಾಣುವುದು ಕಷ್ಟ. ಚಿಕ್ಕದು ಆಳಂದದಲ್ಲಿ ಹುಟ್ಟುವುದೇ ಇಲ್ಲ.

ಆದರೆ ಬೇರೆ ಬೇರೆ ವಯಸ್ಸಿನ ಮೂರು ಬಿತ್ತನೆಗಳನ್ನು ನೀವು ಮನೆಯ ಮಾಳಿಗೆಯಿಂದಲೇ ನೋಡಬಹುದು. ಅವುಗಳ ಹೆಸರು ನಿಮ್ಮ ಅಜ್ಜನಿಗೂ ಗೊತ್ತು: ಕೃತ್ತಿಕೆ, ರೋಹಿಣಿ, ಮೃಗಶಿರ. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಎನ್ನುವ ಗಾದೆಯ ರೋಹಿಣಿಯೇ ಇದು. ಸೂರ್ಯ ಮೇ ತಿಂಗಳಲ್ಲಿ ಕೃತ್ತಿಕೆ, ರೋಹಿಣಿಗಳನ್ನು ದಾಟಿ ಜೂನ್ ಮೊದಲ ವಾರದ ಹೊತ್ತಿಗೆ ಮೃಗಶಿರಕ್ಕೆ ಬರುತ್ತಾನೆ. ಆಗ ಅವು ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತವೆ. ಆರು ತಿಂಗಳು ಕಳೆದು ತೊಗರಿ ರಾಶಿಯ ಕಾಲಕ್ಕೆ, ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ, ಸಂಜೆಯ ಆಕಾಶದಲ್ಲಿ ಅದೇ ಸಾಲಿನಲ್ಲಿ ಕಾಣುತ್ತವೆ.

ಕೃತ್ತಿಕೆ ಹತ್ತಿರ ಹತ್ತಿರ ಕೂಡಿದ ಆರೇಳು ಚುಕ್ಕೆಗಳ ಗೊಂಚಲು. ದೂರ ಸುಮಾರು 440 ಜ್ಯೋತಿರ್ವರ್ಷ, ವಯಸ್ಸು ಹತ್ತು ಕೋಟಿ ವರ್ಷಕ್ಕಿಂತ ತುಸು ಹೆಚ್ಚು. ಅದರ ಪ್ರಕಾಶಮಾನ ನಕ್ಷತ್ರಗಳು ನೀಲಿ. ಅದರ ಪೂರ್ವಕ್ಕೆ ಕೆಂಪು ಛಾಯೆಯ ರೋಹಿಣಿ, ಅದನ್ನು ಸೇರಿಸಿಕೊಂಡು ಇಂಗ್ಲಿಷಿನ ವಿ ಅಕ್ಷರದ ಆಕಾರ. ರೋಹಿಣಿ ನಕ್ಷತ್ರ ನಮಗೆ ಹತ್ತಿರದ್ದು, ಸುಮಾರು 65 ಜ್ಯೋತಿರ್ವರ್ಷ. ಉಳಿದವು 150 ಜ್ಯೋತಿರ್ವರ್ಷ ದೂರದ ಹಯಡೀಸ್ ಎಂಬ ಗುಚ್ಛದವು, ವಯಸ್ಸು 60ರಿಂದ 70 ಕೋಟಿ ವರ್ಷ. ಅಲ್ಲಿನ ಭಾರಿ ನೀಲಿ ನಕ್ಷತ್ರಗಳೆಲ್ಲ ಮುಗಿದಿವೆ, ಕೆಲವು ಕಿತ್ತಳೆ ಬಣ್ಣಕ್ಕೆ ತಿರುಗಿವೆ. ಹೆಸರು ಹೋಗಿ ತೊಗರಿ ಉಳಿದ ಹೊಲ.

ಅದರ ಇನ್ನೂ ಪೂರ್ವಕ್ಕೆ ಮಹಾವ್ಯಾಧನ ತಲೆಯ ಹತ್ತಿರ ಒಂದು ಮಸುಕು ನಕ್ಷತ್ರವಿದೆ. ನಮ್ಮ ಹಿರಿಯರು ಮೃಗಶಿರ ಎಂದದ್ದು ಅದನ್ನೇ. ಅದರ ಸುತ್ತ ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಕೇವಲ 50 ಲಕ್ಷ ವರ್ಷದ ಗುಚ್ಛವೊಂದಿದೆ. ಆಕಾಶದ ಲೆಕ್ಕದಲ್ಲಿ ಮೊಳಕೆ. ವ್ಯಾಧನ ನಡುಪಟ್ಟಿಯ ಕೆಳಗೆ ತೂಗುವ ಕತ್ತಿಯಲ್ಲಿ ಬಿಳಿ ಮಂಜಿನಂತೆ ಕಾಣುವುದು ಮೃಗಶಿರಕ್ಕಿಂತಲೂ ಎಳೆಯದು. ಅಲ್ಲಿ ಈ ಹೊತ್ತೂ ನಕ್ಷತ್ರಗಳು ಹುಟ್ಟುತ್ತಿವೆ. ಸಾಧಾರಣ ಬೈನಾಕ್ಯುಲರ್ ಇದ್ದರೆ ಇನ್ನೂ ಚೆನ್ನ. ಊರಿನ ಎತ್ತರದ ಕಂಬದ ದೀಪಗಳಿಂದ ದೂರ, ಅಮಾವಾಸ್ಯೆಯ ಆಸುಪಾಸಿನಲ್ಲಿ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೊಲದ ಕಡೆ ಹೋಗಿ ನೋಡಿ. ಈ ವಿಷಯದಲ್ಲಿ ಬೆಂಗಳೂರಿನ ಮಕ್ಕಳಿಗಿಂತ ನೀವು ಭಾಗ್ಯವಂತರು. ಅಂಥ ಕತ್ತಲೆ ಅವರಿಗೆ ಸಿಗುವುದು ಕಷ್ಟ.

ಪಾಲಕರಿಗೆ ಒಂದು ಮಾತು

'ಮಾಸ್ತರೆ, ಇದರಿಂದ ಹುಡುಗನಿಗೆ ಏನು ಸಿಗ್ತದ?' ಎಂದು ಪಾಲಕರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಎಲ್ಲರೂ ಖಗೋಳ ವಿಜ್ಞಾನಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಆಗಬೇಕೆನ್ನುವ ಮಗುವಿಗೆ ದಾರಿ ಇದೆ. ಪಿ.ಯು.ಸಿ.ಯಲ್ಲಿ ಭೌತವಿಜ್ಞಾನ, ಗಣಿತ. ಆಮೇಲೆ ಬಿ.ಎಸ್ಸಿ., ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಅದಕ್ಕೆ ದೂರ ಹೋಗಬೇಕಿಲ್ಲ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಆಳಂದ ತಾಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಬಳಿಕ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಸಂಸ್ಥೆಯಂಥ ಕಡೆ ಸಂಶೋಧನೆಗೆ ಸೇರಬಹುದು. ಆಸ್ಟ್ರೋಸ್ಯಾಟ್ ತೆಗೆದ ಚಿತ್ರಗಳನ್ನು ಇಸ್ರೋ 2018ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಕಂಪ್ಯೂಟರ್ ಮತ್ತು ತಾಳ್ಮೆ ಇದ್ದರೆ ಕಡಗಂಚಿಯಲ್ಲಿ ಕುಳಿತೂ ಅವುಗಳ ಮೇಲೆ ಕೆಲಸ ಮಾಡಬಹುದು. ಐದು ವರ್ಷ ದುಡಿಯಲೆಂದು ಕಳಿಸಿದ ಆ ಉಪಗ್ರಹ 2025ರ ಸೆಪ್ಟೆಂಬರ್‌ನಲ್ಲಿ ಹತ್ತು ವರ್ಷ ಪೂರೈಸಿತು. ಅದರ ಸಮೀಪದ ಅತಿನೇರಳೆ ಭಾಗ 2018ರಲ್ಲೇ ನಿಂತಿತು. ಆದರೂ ಕೂಡಿಬಿದ್ದ ಚಿತ್ರಗಳಲ್ಲಿ ಇನ್ನೂ ನೋಡಬೇಕಾದದ್ದು ಬಹಳವಿದೆ.

ಬೇರೆ ದಾರಿ ಹಿಡಿಯುವ ಮಕ್ಕಳಿಗೂ ಇದರಲ್ಲಿ ಒಂದು ಗಳಿಕೆ ಇದೆ. ಕಣ್ಣೆದುರು ನಡೆಯದ ಸಂಗತಿಯನ್ನು ಸಾಕ್ಷಿ ಕೂಡಿಸಿ ತಿಳಿಯುವುದು ಹೇಗೆ, ಒಂದು ಸಾಕ್ಷಿಯನ್ನು ಇನ್ನೊಂದರಿಂದ ಪರೀಕ್ಷಿಸುವುದು ಹೇಗೆ ಎಂಬುದನ್ನು ಅವರು ಕಲಿಯುತ್ತಾರೆ. ವೈದ್ಯನಿಗೂ ನ್ಯಾಯಾಧೀಶನಿಗೂ ರೈತನಿಗೂ ಬೇಕಾದ ವಿದ್ಯೆ ಅದು. ಆದ್ದರಿಂದ ಮಗು 'ಅದು ಹೇಗೆ ಗೊತ್ತಾಯಿತು?' ಎಂದು ಕೇಳಿದಾಗ, ಉತ್ತರ ಗೊತ್ತಿಲ್ಲದಿದ್ದರೂ 'ಹುಡುಕೋಣ' ಎನ್ನಿ. ಸಾಕು.

ಮಕ್ಕಳೇ, ಈ ವಾರದ ಲೆಕ್ಕ ಇದು. ಒಂದು ನಕ್ಷತ್ರದ ಮೇಲ್ಮೈ ಉಷ್ಣತೆ 10,000 ಕೆಲ್ವಿನ್. ಅದು ಅತಿ ಹೆಚ್ಚು ಬೆಳಕು ಬೀರುವ ತರಂಗಾಂತರ ಎಷ್ಟು? ಯುವಿಟ್‌ನ ಯಾವ ಕಣ್ಣಿನ ಪಾಲಿಗೆ ಅದು ಬರುತ್ತಿತ್ತು? ಎರಡನೆಯ ಪ್ರಶ್ನೆ ಸ್ವಲ್ಪ ಯೋಚಿಸುವಂಥದ್ದು. ನೀಲಿ ನಕ್ಷತ್ರ ಒಂದೂ ಇಲ್ಲದ, ಕಿತ್ತಳೆ ನಕ್ಷತ್ರಗಳು ಮಾತ್ರ ಎದ್ದು ಕಾಣುವ ಗುಚ್ಛವೊಂದು ಸಿಕ್ಕಿತು ಎನ್ನಿ. ಅದು ಕೃತ್ತಿಕೆಗಿಂತ ಹಿರಿಯದೋ ಕಿರಿಯದೋ? ಕಾರಣವನ್ನು ಎರಡು ಸಾಲಿನಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿ. ಉತ್ತರ ಮುಂದಿನ ವಾರ.